ಹಳೇ ಬಲ್ಬಿನ ಸರ

ಅನಕಾರ್ಟಿಸ್
ಫೆಬ್ರವರಿ ೧೦, ಸೋಮವಾರ ಬೆಳಿಗ್ಗೆ

ಪ್ರೀತಿಯ ಲಿಯೋನಾ,

ಸೊಂಟದ ನೋವು ಹೇಗಿದೆ? ಹೊಲಿಗೆ ಒಣಗಿತೇ? ಹೋದ ವಾರ ಆಸ್ಪತ್ರೆಯ ಸೂಪನ್ನು ಪಾತ್ರೆ ತೊಳೆದ ನೀರು ಎಂದು ಬೈದೆಯಲ್ಲ, ಬೈಯುವಷ್ಟು ಶಕ್ತಿ ಬಂತಲ್ಲ ಎಂದು ನನಗೆ ಖುಷಿಯಾಗಿತ್ತು. ಈಗ ಬೈಯುವುದನ್ನೂ ಬಿಟ್ಟಿದ್ದೀಯಂತೆ. ವ್ಯಾಯಾಮ ಮಾಡಿಸುವ ಹುಡುಗಿ ವಾಕರ್ ತಂದಿಟ್ಟರೆ "ನಡೆದು ನಾನೆಲ್ಲಿಗೆ ಹೋಗ್ಬೇಕು, ಬಿಡಮ್ಮಾ" ಎಂದು ಗೋಡೆ ಕಡೆ ತಿರುಗಿ ಮಲಗುತ್ತೀಯಂತೆ. ತನ್ನೂರಿನ ಆಸ್ಪತ್ರೆಯಲ್ಲಿ ನಿನ್ನನ್ನು ನೋಡಿಕೊಳ್ಳುತ್ತಿರುವ ಮಗಳು ಕರೀನ್ ಫೋನಿನಲ್ಲಿ ಅಳುತ್ತಾ ಹೇಳಿದಳು. ನನ್ನ ಹತ್ತಿರ ನೀನು ಕೇಳುವುದೂ ದಿನಾ ಒಂದೇ ಮಾತು: "ಅವಳು ಬಂದ್ಲಾ?" ಅವಳು ಎಂದರೆ ಮಗಳಲ್ಲ, ಮೊಮ್ಮಗಳಲ್ಲ, ನಮ್ಮ ಹಿತ್ತಿಲಿನ ಹೆಬ್ಬೆರಳುದ್ದದ ಹಮ್ಮಿಂಗ್‌ಬರ್ಡ್. ಗಂಡ ಊಟ ಮಾಡಿದನೇ ಎಂದು ಕೇಳಿದರೆ ಗಂಟೇನು ಹೋಗುತ್ತಿತ್ತು? ಇರಲಿ. ಅದೊಂದು ಪ್ರಶ್ನೆಯಾದರೂ ನಿನ್ನ ಬಾಯಲ್ಲಿ ಉಳಿದಿದೆಯಲ್ಲ ಎಂದು ಅದನ್ನೇ ಹಿಡಿದುಕೊಂಡಿದ್ದೆ ನಾನು. ಅದಕ್ಕೇ ಈ ಕಾಗದವನ್ನು ಎರಡು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ. ಬುಧವಾರ "ಬಂದ್ಲು, ಚೆನ್ನಾಗಿದಾಳೆ" ಎಂದೆನಲ್ಲ, ಅದರಲ್ಲಿ ಅರ್ಧವನ್ನು ನುಂಗಿಕೊಂಡಿದ್ದೆ.

ನೀರು ಹೆಪ್ಪುಗಟ್ಟುವ ಚಳಿ ಬಂದಾಗಲೆಲ್ಲ ನೀನು ಸಕ್ಕರೆ ನೀರಿನ ಬಾಟಲಿಗೆ ಕ್ರಿಸ್‌ಮಸ್ಸಿನ ಹಳೇ ಬಲ್ಬಿನ ಸರ ಸುತ್ತುತ್ತಿದ್ದೆ. ಅದನ್ನು ನಾನು ಜನವರಿಯಲ್ಲಿ ಶೆಡ್ಡು ಗುಡಿಸುವಾಗ ಕಸಕ್ಕೆ ಹಾಕಿದೆ. ಕರೆಂಟು ತಿನ್ನುವ ಹಾಳು ಸರ ಎಂದುಕೊಂಡು ಹೊಸ ಎಲ್‌ಇಡಿ ಸರ ತಂದೆ. ಮಂಗಳವಾರ ಚಳಿ ಬಿತ್ತು. ಸಂಜೆ ಅದನ್ನು ನೀಟಾಗಿ ಏಳು ಸುತ್ತು ಸುತ್ತಿ, ಸ್ವಿಚ್ಚು ಹಾಕಿ, ದೂರ ನಿಂತು ನೋಡಿ ಹೆಮ್ಮೆಪಟ್ಟೆ. ಪಕ್ಕದ ಮನೆಯ ವೆರ್ನಾ ಬೇಲಿಯಾಚೆಯಿಂದ "ಏನಪ್ಪಾ ಐನಾರ್, ಹಕ್ಕಿಗೆ ಮದ್ವೆ ಮಾಡಿಸ್ತಿದೀಯಾ?" ಎಂದಳು. ಮಾಡಿಸುತ್ತೇನೆ, ನಿನಗೂ ಕರೆಯೋಲೆ ಕೊಡುತ್ತೇನೆ ಎಂದೆ. ಮೂವತ್ತೊಂದು ವರ್ಷ ಫೆರ್ರಿ ಹಡಗಿನ ಇಂಜಿನ್ ಕೋಣೆಯಲ್ಲಿ ಬೆವರಿದವನು ನಾನು. ಹೊಸ ಬಲ್ಬು ಬಿಸಿಯಾಗುವುದಿಲ್ಲ ಎಂಬ ಚಿಕ್ಕ ಮಾತು ಈ ತಲೆಗೆ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಬಾಗಿಲು ತೆರೆದರೆ ದೀಪಗಳೇನೋ ಝಗಝಗ ಉರಿಯುತ್ತಿವೆ, ಬಾಟಲಿಯೊಳಗೆ ನೀರು ಕಲ್ಲಾಗಿದೆ. ಅದರ ಕೆಳಗೆ ಹಕ್ಕಿ ಕೂರುವ ಕಡ್ಡಿಯಿಂದ ಅವಳು ತಲೆಕೆಳಗಾಗಿ ನೇತಾಡುತ್ತಿದ್ದಳು. ಕಣ್ಣು ಮುಚ್ಚಿತ್ತು. ಬೆರಳಿನಿಂದ ಮುಟ್ಟಿದೆ, ಅಲುಗಲಿಲ್ಲ. ಸತ್ತೇಹೋದಳು ಎಂದುಕೊಂಡೆ ಲಿಯೋನಾ. ನಲವತ್ತಾರು ವರ್ಷದ ಸಂಸಾರದಲ್ಲಿ ನಿನ್ನಿಂದ ಬೇಕಾದಷ್ಟು ಬೈಸಿಕೊಂಡಿದ್ದೇನೆ, ಆದರೆ ಸಂಜೆ ನೀನು ಫೋನು ಮಾಡಿ ಅದೇ ಪ್ರಶ್ನೆ ಕೇಳಿದರೆ, ನಾನು ಉತ್ತರ ಹೇಳಿದರೆ, ನೀನು ಬೈಯುವುದೇ ಇಲ್ಲವೇನೋ, ಸುಮ್ಮನೆ ಫೋನು ಇಟ್ಟುಬಿಡುತ್ತೀಯೇನೋ ಎಂದು ಹೆದರಿದೆ.

ಅಷ್ಟರಲ್ಲಿ ರಾತ್ರಿಯ ಅಂಗಿಯ ಮೇಲೆ ಕೋಟು ಹಾಕಿಕೊಂಡು ವೆರ್ನಾ ಓಡಿಬಂದಳು. "ಅಯ್ಯೋ ಮಂಕೇ, ಸತ್ತಿಲ್ಲ ಕಣೋ ಅದು! ಚಳಿ ತಡೀಲಾರ್ದೆ ಹಂಗೆ ಮರಗಟ್ಟಿ ಮಲಗುತ್ತೆ. ಒಳಗೆ ತಗೊಂಡ್ ನಡಿ. ಒಲೆ ಮೇಲೆ ಗಿಲೆ ಮೇಲೆ ಇಟ್ಟೀಯ ಮತ್ತೆ!" ಎಂದಳು. ಆಮೇಲೆ ಸರ ಮುಟ್ಟಿ ನೋಡಿ "ಬೆಳಕು ಬಂದ್ರೆ ಬಿಸಿ ಬಂದಂಗಾಯ್ತಾ? ಇಂಜಿನ್ ಓಡಿಸ್ದೋನಂತೆ, ಥೂ!" ಎಂದಳು. ಉಗಿಸಿಕೊಂಡೆ. ಅಡುಗೆಮನೆಯಲ್ಲಿ ಕೂತು ಹಕ್ಕಿಯನ್ನು ಎರಡೂ ಅಂಗೈ ನಡುವೆ ಹಿಡಿದುಕೊಂಡೆ. ತೂಕವೇ ಇಲ್ಲ, ಒಂದು ಹಿಡಿ ಗಾಳಿ ಹಿಡಿದ ಹಾಗಿತ್ತು. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಗಂಟಲ ಬಳಿ ಒಂದು ಗರಿ ಅಲುಗಿತು. ಒಂದು ಕಣ್ಣು ಬಿಟ್ಟಳು. ಕೊಕ್ಕಿನ ತುದಿಗೆ ವೆರ್ನಾ ಚಮಚದಲ್ಲಿ ಸಕ್ಕರೆ ನೀರು ಹಿಡಿದಳು. ನಾಲಿಗೆ ಚಾಚಿದಳು ನೋಡು, ಹೋದ ಜೀವ ಬಂದದ್ದು ಅವಳಿಗಲ್ಲ, ನನಗೆ. ಸ್ವಲ್ಪ ಹೊತ್ತಿಗೆ ಅಂಗೈಯಿಂದ ಭರ್ರೆಂದು ಎದ್ದು, ನಿನ್ನ ಪರದೆಯ ಕಡ್ಡಿಯ ಮೇಲೆ ಕೂತು, ನನ್ನನ್ನು ಚಿಟಿಚಿಟಿ ಎಂದು ಬೈದಳು. ನಾನು ಅತ್ತುಬಿಟ್ಟೆ. ವೆರ್ನಾ ಒಳ್ಳೆಯವಳು, ಆ ಕಡೆ ತಿರುಗಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತಳು. ಬಿಸಿಲೇರಿದ ಮೇಲೆ ಹಿಂಬಾಗಿಲು ತೆರೆದೆವು, ಹಕ್ಕಿ ಹೊರಗೆ ಹಾರಿತು.

ಈಗ ವೆರ್ನಾ ತನ್ನ ಹಳೇ ಸರ ಕೊಟ್ಟಿದ್ದಾಳೆ, ಮುಟ್ಟಿದರೆ ಕೈ ಸುಡುತ್ತದೆ. ಬಾಟಲಿ ಎರಡು ಇಟ್ಟಿದ್ದೇನೆ, ಒಂದು ಹೊರಗೆ, ಒಂದು ಒಳಗೆ. ನಸುಕಿನಲ್ಲೇ ಎದ್ದು ಬದಲಾಯಿಸುತ್ತೇನೆ. ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು, ಬಣ್ಣ ಗಿಣ್ಣ ಏನೂ ಇಲ್ಲ, ನೀನು ಹೇಳಿದ ಹಾಗೇ. ಶುಕ್ರವಾರದಿಂದ ಚಳಿಯೂ ಇಳಿದಿದೆ. ಬೇರೆ ಹಕ್ಕಿ ಬಂದರೆ ಅಟ್ಟಿಸಿಕೊಂಡು ಹೋಗಿ ಓಡಿಸುತ್ತಾಳೆ, ಅಷ್ಟು ಗಟ್ಟಿಯಾಗಿದ್ದಾಳೆ. ಇನ್ನು ಬೈಯುವುದಿದ್ದರೆ ಬೈದುಬಿಡು. ಕಾದಿದ್ದೇನೆ.

ಕರೀನ್‌ಗೂ ಮಕ್ಕಳಿಗೂ ನನ್ನ ಪ್ರೀತಿ. ವೆರ್ನಾ ನಿನ್ನನ್ನು ಕೇಳಿದಳು. ನಾನು ಊಟ ಮಾಡುತ್ತಿದ್ದೇನೆ, ನೀನು ಕೇಳದಿದ್ದರೂ.

ನಿನ್ನ ಮಂಕ,
ಐನಾರ್

ತಾ.ಕ.: ಅಂಚೆಯವನು ಪಕ್ಕದ ಬೀದಿಗೆ ಬಂದಾಗಿದೆ, ಬೇಗ ಬರೆಯುತ್ತೇನೆ. ಲಕೋಟೆ ಹುಡುಕಲು ಎದ್ದಾಗ ನೋಡಿದೆ, ಅವಳು ಸೂರಿನ ಜೇಡರ ಬಲೆ ಕಿತ್ತುಕೊಂಡು ಕಮೀಲಿಯಾ ಗಿಡಕ್ಕೆ ಹೋದಳು. ಗೂಡು ಕಟ್ಟುತ್ತಿದ್ದಾಳೆ ಲಿಯೋನಾ! ಮಾರ್ಚ್ ಮೊದಲ ವಾರಕ್ಕೆ ಮರಿಯಾಗಬಹುದು ಎಂದಳು ವೆರ್ನಾ, ಬೇಲಿಯಾಚೆಯಿಂದ. ಗೂಡು ಕಿಟಕಿಯಿಂದ ಕಾಣುವುದಿಲ್ಲ. ಹಿಂಬಾಗಿಲಲ್ಲಿ ಕುರ್ಚಿ ಹಾಕಿ ನೋಡಿದೆ, ಕೂತರೆ ಬರೀ ಬೇಲಿ. ಹೊಸ್ತಿಲ ಮೇಲೆ ನಿಂತರೆ ಮಾತ್ರ ಕಾಣುತ್ತದೆ. ನಾನು ಫೋಟೋ ತೆಗೆಯುವುದಿಲ್ಲ, ಫೋನಿನಲ್ಲಿ ಒಂದು ಮಾತೂ ಹೇಳುವುದಿಲ್ಲ. ನಮ್ಮ ಮಂಚದಿಂದ ಹಿಂಬಾಗಿಲಿಗೆ ಈಗಷ್ಟೇ ನಡೆದು ಎಣಿಸಿದೆ, ನಿನ್ನ ಕಾಲಿಗೆ ಇಪ್ಪತ್ತೆರಡು ಹೆಜ್ಜೆ ಆಗಬಹುದು. ಈ ಕಾಗದ ಕೈಗೆ ಬಂದ ದಿನ ಆ ಹುಡುಗಿ ವಾಕರ್ ತಂದಾಗ ಎರಡು ಹೆಜ್ಜೆ ಹಾಕು.