ನಾಳೆ ಹತ್ತಕ್ಕೆ ಫೋನ್ ಎತ್ತು

ಮರಿ,

ನೀನು ಏಳುವ ಮೊದಲೇ ಆಸ್ಪತ್ರೆಗೆ ಹೊರಟಿದ್ದೇನೆ. ಎಬ್ಬಿಸಿದ್ದರೆ ಹೊರಡುವ ಧೈರ್ಯ ಉಳಿಯುತ್ತಿರಲಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ, ಬರಿಗೈಯಲ್ಲಿ ಮುಚ್ಚಳ ತೆಗೆಯಬೇಡ, ಬಿಸಿಯಿದೆ.

ಇಂದು ಗಂಟಲಿನ ಗಡ್ಡೆಯೊಂದಿಗೆ ನನ್ನ ದನಿಯನ್ನೂ ತೆಗೆಯುತ್ತಾರೆ. ಹೊರಗಿನವರ ಎದುರು ನಿನಗೆ ಮಾತೇ ಹೊರಡದು; ಅಷ್ಟು ಜನರ ನಡುವೆ ನೀನು ಬರಲಾರೆ, ಬಲ್ಲೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನರ್ಸು ಫೋನ್ ಮಾಡುತ್ತಾಳೆ. ಕೈಮುಗಿಯುತ್ತೇನೆ, ಎತ್ತು. "ತಾತ ಹೇಗಿದ್ದಾರೆ?" ಎಂದು ಕೇಳು.

ಇಪ್ಪತ್ತು ವರ್ಷ ನಿನ್ನ ಪಾಲಿನ ಮಾತನ್ನೂ ನಾನೇ ಆಡಿದೆ. ಪಕ್ಕದ ಮನೆಯಾಕೆ "ಊಟ ಆಯ್ತೇನಮ್ಮಾ?" ಎಂದು ನಿನ್ನನ್ನು ಕೇಳಿದರೆ, "ಆಯ್ತು, ನಿಮ್ದು?" ಎಂದದ್ದು ನಾನು. "ಅವಳ ಊಟಾನೂ ನೀವೇ ಮಾಡಿಬಿಡ್ತೀರಾ?" ಎಂದು ಆಕೆ ಹಂಗಿಸಿದಾಗ ನಕ್ಕುಬಿಟ್ಟೆ. ಅಳಬೇಕಿತ್ತು.

ಆರು ತಿಂಗಳಿಂದ ಒಳಕೋಣೆಯಿಂದ ಅಡುಗೆಮನೆಗೆ ಫೋನ್ ಮಾಡಿ ಮಾತು ಕಲಿಸಲು ಹೆಣಗಿದ್ದೇನೆ. ನೀನು "ಹ್ಞೂಂ" ಎಂದು ಇಟ್ಟುಬಿಡುತ್ತಿದ್ದೆ. ಮುನಿಸಿಲ್ಲ, ತಡವಾಗಿ ಶುರುಮಾಡಿದವನು ನಾನೇ.

ನಾಳೆ ಮಾತ್ರ ಇಡಬೇಡ. ನರ್ಸು ಫೋನನ್ನು ನನ್ನ ಕಿವಿಗೆ ಹಿಡಿಯುತ್ತಾಳೆ. ಬರಿಯ ಉಸಿರು ಕೇಳಿಸಿದರೆ ರಾಂಗ್ ನಂಬರ್ ಎಂದುಕೊಳ್ಳಬೇಡ, ಅದು ನಾನು. ಊಟ ಆಯ್ತಾ ಎಂದು ಕೇಳುತ್ತಿರುತ್ತೇನೆ.

ಉತ್ತರ ನೀನೇ ಹೇಳು. ನಮ್ಮಿಬ್ಬರದೂ.

— ತಾತ