ಮುತಿಂಟಾ ಮೇಡಂ, ಆ ಫಲಕ ಮಲಗಿಸಬೇಡಿ

ಹೊಗೆತಿಂಗಳು, 53ನೇ ತಾರೀಖು, 2191
ಕುಮಟಾ, ಗುಡ್ಡದ ಮೇಲಿನ ಹೊಸ ಊರು

ಮುತಿಂಟಾ ಮೇಡಂ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಹೊಗೆ ಹೋಗೋ ತನಕ ತಿಂಗಳು ಮುಗಿಯಲ್ಲ. ನನ್ನ ಮಾತು ವಿಚಿತ್ರ ಅನ್ಸಿದ್ರೆ ಕ್ಷಮಿಸಿ, ನಿಮ್ಮ ಲೆಕ್ಕದಲ್ಲಿ ನಾನು ಹುಟ್ಟೋಕೆ ಇನ್ನೂ ನೂರೈವತ್ತು ವರ್ಷ ಇದೆ. ಆದ್ರೂ ನಿಮ್ಮ ದೊಡ್ಡ ಫ್ಯಾನ್! ಜಾಂಬಿಯಾದ ಜವುಗಿನಲ್ಲಿ ಸೊಂಟದ ತನಕ ನೀರಲ್ಲಿ ನಿಂತು ಮಣ್ಣು ಅಳೆದ ಹುಡುಗಿ, ಆಮೇಲೆ ಹತ್ತೊಂಬತ್ತು ವರ್ಷ ಹವಾಮಾನದ ಸಭೆಗಳಲ್ಲಿ ದೇಶದ ಪರವಾಗಿ ಕೂತ ವಿಜ್ಞಾನಿ. ನಿಮ್ಮ ಭಾಷಣ ಎಲ್ಲಾ ನಂಗೆ ಬಾಯಿಪಾಠ. ನಿಮ್ಮ ಹೆಸರಲ್ಲೇ ನಮ್ಮದೊಂದು ಗುಂಪಿದೆ, ದಿನಾ ಜಗಳ ಆಡ್ತೀವಿ.

ನೀವು ಮುಂಗಾರು ಅಂತ ಕೇಳಿರ್ತೀರಲ್ಲ, ಈಗ ಅದೇ ಹೊಗೆತಿಂಗಳು. ಗಾಳಿ ಅದೇ, ನಿಮ್ಮ ಕಡೆಯಿಂದಲೇ ಸಮುದ್ರ ದಾಟಿ ಬರುತ್ತೆ, ಆದ್ರೆ ಮಳೆಗಿಂತ ಮೊದಲು ಹೊಗೆ ತರುತ್ತೆ. ನಿಮ್ಮ ಜವುಗಿನ ಅಡಿಯ ಕಪ್ಪು ಮಣ್ಣು, ಸಾವಿರಾರು ವರ್ಷದ ಹುಲ್ಲು ಕೊಳೆತು ಆಗಿದ್ದು, ನೀರು ಬಸಿದ ಮೇಲೆ ಹೊತ್ತಿಕೊಳ್ತು. ಎಪ್ಪತ್ತು ವರ್ಷದಿಂದ ನೆಲದೊಳಗೇ ಉರೀತಿದೆ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿಯೇ ನಾವು ಅಡುಗೆ ಮಾಡೋದು. ಮಕ್ಕಳಿಗೆ ದಿನಕ್ಕೆ ಇಪ್ಪತ್ತು ನಿಮಿಷ ಬಯಲುಪಾಳಿ, ಅಂದ್ರೆ ಹೊರಗೆ ಬಿಡೋ ಸರದಿ. ನನ್ನ ತಂಗಿ ಇಂಚರಾಗೆ ಅದೂ ಇಲ್ಲ, ಡಾಕ್ಟರು ರದ್ದು ಮಾಡಿದಾರೆ. ಅವಳು ಕೆಮ್ಮಿದಾಗೆಲ್ಲ ಅಜ್ಜಿ ನಂಗೆ ಚುಚ್ತಾರೆ: “ಅವತ್ತು ನಿನ್ನ ಮೇಡಂ ಬಾಯಿಗೆ ಬೀಗ ಬಿದ್ದಿತ್ತೇನೇ?”

ಅವತ್ತು ಅಂದ್ರೆ, ನಿಮಗೆ ಬರೋ ಗುರುವಾರ. ಮಾತಾಡಬೇಕು ಅನ್ನೋರು ದೇಶದ ಹೆಸರಿನ ಫಲಕ ನೆಟ್ಟಗೆ ನಿಲ್ಲಿಸೋದು ಆ ಸಭೆಯ ಪದ್ಧತಿ ಅಲ್ವಾ? ಒಪ್ಪಂದದಲ್ಲಿ ಜವುಗಿನ ನೀರು ಬಸಿಯೋಕೆ ಅನುಮತಿ ಕೊಡೋ ಸಾಲು ಬಂದಾಗ ನೀವೂ ನಿಲ್ಲಿಸ್ತೀರಿ. ಅಷ್ಟರಲ್ಲಿ ಅಧ್ಯಕ್ಷರು, ಹೊತ್ತಾಯ್ತು, ದುಭಾಷಿಗಳ ಪಾಳಿ ಮುಗೀತು, ದಯವಿಟ್ಟು ಫಲಕ ಮಲಗಿಸಿ ಅಂತಾರೆ. ನೀವು ಮಲಗಿಸ್ತೀರಿ. ಹತ್ತೊಂಬತ್ತು ವರ್ಷದ ಮರ್ಯಾದೆ! ಯಾರೂ ಬೇಡ ಅನ್ನದಿದ್ರೆ ಒಪ್ಪಿಗೆ ಅಂತಾನೇ ಅರ್ಥ. ಅಧ್ಯಕ್ಷರ ಸುತ್ತಿಗೆ ಬೀಳುತ್ತೆ, ಆ ಸಾಲು ಪಾಸು. ಆ ವಿಡಿಯೋ ನೂರು ಸಲ ನೋಡಿದೀನಿ, ನೂರು ಸಲಾನೂ ಮಲಗಿಸ್ತೀರಿ. ನಿಮ್ಮನ್ನ ನೋಡಿ ಇನ್ನೂ ಆರು ದೇಶದೋರು ಮಲಗಿಸಿದ್ರು, ಆಮೇಲೆ ಅವರೇ ಹಾಗಂತ ಬರೆದ್ಕೊಂಡಿದಾರೆ.

ಗುಂಪಲ್ಲಿ ಎಲ್ಲರೂ ಈ ಪತ್ರ ವೇಸ್ಟು ಅಂತಾರೆ. ಓದಿದ್ರೂ ನೀವು ಮಲಗಿಸೇ ಮಲಗಿಸ್ತೀರಂತೆ, ಅಷ್ಟು ಒಳ್ಳೆಯವರಂತೆ. ನಾನೊಬ್ಬಳೇ ಇಲ್ಲ ಅಂದೆ. ಮೇಡಂ, ಒಂದೇ ಒಂದು ಸಲ ಮರ್ಯಾದೆ ಬಿಡಿ. ಮೈಕ್ ಆಫ್ ಮಾಡಿದ್ರೆ ಕೂಗಿ. ದುಭಾಷಿಗಳು ಎದ್ದು ಹೋದ್ರೆ ನಿಮ್ಮ ಮನೆಮಾತು ಟೋಂಗಾದಲ್ಲೇ ಕೂಗಿ. ಆ ಆರೂ ಜನ ನಿಮ್ಮ ಕೈಯನ್ನೇ ನೋಡ್ತಿರ್ತಾರೆ.

ನಿಮ್ಮ
ನೇಸರಾ