ಕಂಬಕ್ಕೆ ಅಂಟಿದ ನೀಲಿ

ಮನೆಯ ಮುಂದಿನ ಕೋಣೆ,
ಭಾನುವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಮಿಡತೆಗೆ ನಿನ್ನ ಸೋದರಮಾವನ ತುಂಬು ಹರಕೆ.

ಮೊದಲು ನಿನ್ನ ಆರೋಗ್ಯದ ಮಾತು. ಹೊಸ ಊರಿನ ನೀರು ಒಗ್ಗಿತೇ? ನೀರನ್ನು ಪರೀಕ್ಷಿಸುವುದೇ ನಿನ್ನ ಉದ್ಯೋಗವಾಗಿರುವಾಗ ಹೀಗೆ ಕೇಳುವುದು ಮೀನಿಗೆ ಈಜು ಕಲಿಸಿದಂತಾಯಿತು ಎಂದು ನೀನು ನಗಬಹುದು. ಆದರೂ ಹೊರಟ ದಿನ ಬಸ್ಸಿನ ಕಿಟಕಿಯಲ್ಲಿ ನೀನು ಕೆಮ್ಮುತ್ತಿದ್ದುದನ್ನು ನಿನ್ನ ಅತ್ತೆ ಇನ್ನೂ ಮರೆತಿಲ್ಲ. ರಾತ್ರಿ ಕಿವಿಗೆ ಬಟ್ಟೆ ಸುತ್ತಿಕೊಂಡು ಮಲಗುತ್ತೀಯೋ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಮನೆಯೊಡತಿಯ ಬೆಕ್ಕು ಈಗಲೂ ನಿನ್ನ ಹಾಸಿಗೆಯ ಮೇಲೆಯೇ ಬಿಡಾರ ಹೂಡಿದೆಯೋ, ಎಲ್ಲವನ್ನೂ ಬರೆ. ನಾವಿಬ್ಬರೂ ಕ್ಷೇಮ. ನಿನ್ನ ಅತ್ತೆಯ ಮಂಡಿ ಹವಾಮಾನ ಇಲಾಖೆಗಿಂತ ಮೊದಲೇ ಮೋಡದ ಸುದ್ದಿ ಹೇಳುತ್ತದೆ. ನನ್ನ ವಿಷಯದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ನಿನ್ನ ಅಮ್ಮ ಮೊನ್ನೆ ಫೋನಿನಲ್ಲಿ ಒಂದು ಸಂಗತಿ ತಿಳಿಸಿದಳು. ಕೆರೆ, ಬಾವಿ, ಕಾಲುವೆಗಳಿಗೆ ಹೋಗಿ ನೀರಿನ ಮಾದರಿ ತರುವ ಕೆಲಸಕ್ಕೆ ನಿನ್ನನ್ನೇ ಆರಿಸಿದರಂತೆ. ಅದಕ್ಕೆ ವ್ಯಾನನ್ನು ನೀನೇ ಓಡಿಸಬೇಕು ಎಂದು ಗೊತ್ತಾದ ಕೂಡಲೇ ನೀನು ಬೇಡವೆಂದು, ಪ್ರಯೋಗಾಲಯದೊಳಗೆ ಸೀಸೆಗಳ ನಡುವೆಯೇ ಇರುತ್ತೇನೆಂದೆಯಂತೆ. ನಿನ್ನ ಮೇಲಧಿಕಾರಿ ಒಳ್ಳೆಯವರಿರಬೇಕು, ತಿಂಗಳ ಕೊನೆಯವರೆಗೆ ಯೋಚಿಸು ಎಂದಿದ್ದಾರೆ. ಇದನ್ನು ಕೇಳಿ ನನಗೆ ನೆನಪಾದದ್ದು ಈ ಕೋಣೆಯ ಕಿಟಕಿಯ ಕಟ್ಟೆ. ಬೇಸಿಗೆಯ ರಜೆಗೆ ಬಂದಾಗಲೆಲ್ಲ ನೀನು ಕಂಡಕಂಡ ಹೊಂಡದ ನೀರನ್ನು ಬಾಟಲಿಗಳಲ್ಲಿ ತಂದು ಇಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೆ. "ಮಾವ, ಯಾವ್ದು ಮೊದ್ಲು ಹಸಿರಾಗುತ್ತೆ ನೋಡ್ತಿರಿ, ಚೆಲ್ಲಿದ್ರೆ ಮಾತು ಬಿಡ್ತೀನಿ" ಎಂಬ ಬೆದರಿಕೆ ಬೇರೆ. ಅಂಥ ಹುಡುಗಿ ನೀರು ಇದ್ದಲ್ಲಿಗೆ ಹೋಗುವ ಕೆಲಸವನ್ನು ಬಿಟ್ಟು, ಯಾರೋ ತಂದುಕೊಟ್ಟ ನೀರಿಗಾಗಿ ಕಾಯುತ್ತ ಕೂರುವುದನ್ನು ನಾನು ಊಹಿಸಲಾರೆ.

ಕಾರಣ ನನಗೆ ಗೊತ್ತು. ಊರು ಬಿಡುವ ಹಿಂದಿನ ಸಂಜೆ, ಪಕ್ಕದ ಸೀಟಿನಿಂದ ನಾನು ಕಂಬ ಇನ್ನೂ ದೂರವಿದೆ ಎಂದು ಹೇಳುತ್ತಿರುವಂತೆಯೇ, ನೀನು ಗೇಟಿನೊಳಗೆ ತಿರುಗಿಸುವಾಗ ನಮ್ಮ ನೀಲಿ ಕಾರಿನ ಎಡ ಮಗ್ಗುಲು ಕಂಬಕ್ಕೆ ಉಜ್ಜಿತು. ಎರಡೂ ಬಾಗಿಲು ತಗ್ಗಾದವು. ನೀನು ಕೆಳಗಿಳಿದು ನೋಡಿದೆ, ಕೀಲಿಯನ್ನು ಚಪ್ಪಲಿ ಗೂಡಿನ ಮೇಲಿಟ್ಟೆ, "ಇನ್ನು ನಾನು ಸ್ಟೀರಿಂಗ್ ಮುಟ್ಟಲ್ಲ ಮಾವ" ಎಂದೆ. ಆ ಮೇಲೆ ಬಂದ ಒಂದು ಕಾಗದದಲ್ಲಾಗಲಿ, ಫೋನಿನಲ್ಲಾಗಲಿ ಕಾರಿನ ಸೊಲ್ಲೇ ಎತ್ತಿಲ್ಲ. ನೀನು ಕೇಳದಿದ್ದರೂ ಹೇಳುತ್ತೇನೆ. ಉಪದೇಶಕ್ಕಾಗಿ ಅಲ್ಲ. ಈ ಕೆಲವು ವಾರಗಳಲ್ಲಿ ನಾನು ಕಂಡದ್ದು ಅಷ್ಟು ಸ್ವಾರಸ್ಯಕರವಾಗಿದೆ, ಮತ್ತು ಇಂಥದ್ದನ್ನು ನಾನು ಮೊದಲಿನಿಂದಲೂ ಹಂಚಿಕೊಂಡಿರುವುದು ನಿನ್ನೊಡನೆಯೇ.

ನೀನು ಹೋದ ಮರುದಿನ ವಿಮಾ ಕಂಪನಿಗೆ ಫೋನು ಮಾಡಿದೆ. "ಸರ್ವೇಯರ್ ಬಂದು ನೋಡೋವರೆಗೂ ಏನನ್ನೂ ಮುಟ್ಟಬೇಡಿ" ಎಂದು ಹೇಳಿದರು. ಅದನ್ನೇ ನಿನ್ನ ಅತ್ತೆಗೆ ತಿಳಿಸಿ ನಾನು ಔಷಧಿ ತರಲು ಹೋದೆ. ಅವಳ ಕಿವಿಗೆ ಬಿದ್ದದ್ದು ಯಾರೋ ದೊಡ್ಡವರು ಮನೆಗೆ ಬರುತ್ತಾರೆ ಎಂಬುದಷ್ಟೇ. ಮನೆಗೆ ಜನ ಬರುತ್ತಾರೆಂದರೆ ಅವಳ ಕೈ ಸುಮ್ಮನಿರುವುದುಂಟೇ? ನಾನು ಹಿಂತಿರುಗುವಷ್ಟರಲ್ಲಿ ಕಾರಿಗೆ ಸೋಪಿನ ಸ್ನಾನವಾಗಿತ್ತು. ಗೀರುಗಳಲ್ಲಿ ಕೂತಿದ್ದ ಕಂಬದ ಹಳದಿಯನ್ನೆಲ್ಲ ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕಿ ತೆಗೆದಿದ್ದಳು. ಅಷ್ಟಕ್ಕೇ ತೃಪ್ತಿಯಾಗದೆ ಕಂಬಕ್ಕೂ ಉಳಿದ ಹಳದಿ ಬಣ್ಣವನ್ನು ಬಳಿದು, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ ನಿಂತಿದ್ದಳು. "ಗಾಯ ಇರ್ಲಿ ರೀ, ಗಲೀಜು ಯಾಕಿರ್ಬೇಕು? ಬರೋರು ಏನಂದ್ಕೋತಾರೆ?" ಎಂಬುದು ಅವಳ ವಾದ.

ಸರ್ವೇಯರ್ ಬಂದರು. ಹೆಲ್ಮೆಟ್ಟಿನಿಂದ ಒತ್ತಿಹೋದ ಕೂದಲು, ಕೊರಳಲ್ಲಿ ಕ್ಯಾಮೆರಾ, ಮಾತು ಬಲು ಮೆಲ್ಲಗೆ. ಹೊಳೆಯುವ ಕಾರನ್ನೂ ಹೊಸ ಮದುಮಗನಂತೆ ನಿಂತಿದ್ದ ಕಂಬವನ್ನೂ ಒಮ್ಮೆ ಅತ್ತ ಒಮ್ಮೆ ಇತ್ತ ನೋಡಿದರು. ಗುದ್ದಿದ್ದು ಎಲ್ಲಿಗೆ ಎಂದು ಕೇಳಿದರು. ಇಲ್ಲಿಗೇ ಎಂದೆ. ಇದು ಹಳೆಯ ಗಾಯವೋ ಹೊಸದೋ, ಇಲ್ಲಿ ಆದದ್ದೋ ಇನ್ನೆಲ್ಲೋ ಆದದ್ದೋ ಎಂದು ನಾನು ಹೇಗೆ ಬರೆಯಲಿ ಎಂದು ಅವರು ತಲೆ ಕೆರೆದುಕೊಂಡರು. ನಿನ್ನ ಅತ್ತೆಗೆ ಕೋಪ ನೆತ್ತಿಗೇರಿತು. "ನಾವೇನು ಸುಳ್ಳು ಹೇಳೋರ ಥರ ಕಾಣ್ತೀವೇನಪ್ಪಾ?" ಎಂದಳು. ಆತ ಹೇಳಿದ ಉತ್ತರ ಕೇಳು: "ನೀವು ಹೇಳ್ತಿದೀರಮ್ಮ, ಕಂಬ ಏನೂ ಹೇಳ್ತಾ ಇಲ್ಲ." ಅದಕ್ಕೆ ಅವಳು ಏನು ಮಾಡಿರಬಹುದು ಊಹಿಸು. ಸೀದಾ ಅಡುಗೆಮನೆಗೆ ಹೋಗಿ ಮಗುಚುವ ಕೈ ತಂದು, ತಾನೇ ಅಷ್ಟು ಅಕ್ಕರೆಯಿಂದ ಬಳಿದ ಬಣ್ಣವನ್ನು ಕರಕರ ಕೆರೆಯತೊಡಗಿದಳು. ಹಳದಿಯ ಕೆಳಗೆ, ಸೊಂಟಕ್ಕಿಂತ ತುಸು ಕೆಳಗಿನ ಎತ್ತರದಲ್ಲಿ, ನಮ್ಮ ಕಾರಿನ ನೀಲಿ ಗೆರೆಯೆಳೆದಂತೆ ಹೊರಬಂತು. ಸರ್ವೇಯರ್ ಮಂಡಿಯೂರಿ ಟೇಪು ಹಿಡಿದು ಬಾಗಿಲಿನ ಗಾಯದ ಎತ್ತರವನ್ನೂ ಕಂಬದ ಗೆರೆಯ ಎತ್ತರವನ್ನೂ ತಾಳೆ ನೋಡಿದರು. "ಈಗ ಮಾತಾಡ್ತು" ಎಂದು ನಕ್ಕು ಫೋಟೋ ತೆಗೆದುಕೊಂಡರು. ಡಿಕ್ಕಿಯೆಂದರೆ ಒಂದು ವಸ್ತು ಇನ್ನೊಂದನ್ನು ಕೆಡಿಸುವುದು ಎಂದಷ್ಟೇ ನಾನು ತಿಳಿದಿದ್ದೆ. ಒಂದರ ಬಣ್ಣವನ್ನು ಇನ್ನೊಂದು ಪಡೆದಿರುತ್ತದೆ, ಮತ್ತು ಆ ಕೊಡುಕೊಳ್ಳುವಿಕೆಯನ್ನೇ ಓದಬಲ್ಲ ಉದ್ಯೋಗವೊಂದು ಲೋಕದಲ್ಲಿದೆ ಎಂಬುದು ನನಗೆ ಹೊಸದು.

ಆಮೇಲೆ ಅವರು ಕೇಳಿದರು, ಓಡಿಸುತ್ತಿದ್ದವರು ಯಾರು ಎಂದು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅತ್ತೆ "ಇವ್ರೇ" ಎಂದು ನನ್ನತ್ತ ಬೆರಳು ಮಾಡಿದಳು. ಅವಳ ಉದ್ದೇಶ ನಿನಗೂ ಅರ್ಥವಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಮಗು, ಎಲ್ಲೂ ಒಂದು ಕಪ್ಪು ಚುಕ್ಕೆ ಬೀಳದಿರಲಿ ಎಂಬ ಮಮತೆ ಅದು. ಆದರೆ ನಾನು, ಅಲ್ಲ, ಓಡಿಸುತ್ತಿದ್ದವಳು ನನ್ನ ಸೊಸೆ, ನಮ್ಮ ಅಕ್ಕನ ಮಗಳು, ಪಕ್ಕದಲ್ಲಿ ಕೂತಿದ್ದವನು ನಾನು ಎಂದೆ. ಸುಳ್ಳು ಹೇಳಿದರೆ ಕಂಪನಿಗೆ ಮೋಸವಾಗುತ್ತದೆ ಎಂಬುದು ಒಂದು ಮಾತು. ಇನ್ನೊಂದು ಮಾತು ನನಗೆ ಅದಕ್ಕಿಂತ ದೊಡ್ಡದು. ನಿನ್ನ ಹೆಸರನ್ನು ನಾವು ಬಚ್ಚಿಟ್ಟರೆ ನೀನು ಮಾಡಿದ್ದು ಬಚ್ಚಿಡಬೇಕಾದ ಕೆಲಸವೆಂದು ನಾವೇ ಒಪ್ಪಿದಂತಾಗುತ್ತಿತ್ತು. ಸರ್ವೇಯರ್ ಒಂದಿಷ್ಟೂ ಹುಬ್ಬೇರಿಸಲಿಲ್ಲ. ಲೈಸೆನ್ಸ್ ಇದೆಯೇ ಎಂದರು. ನಿನ್ನ ಅಮ್ಮ ಅದರ ಚಿತ್ರವನ್ನು ಫೋನಿಗೆ ಕಳಿಸಿದಳು. (ಅದರಲ್ಲಿ ನೀನು ಈಗಷ್ಟೇ ಯಾರದೋ ತೋಟದ ಮಾವಿನಕಾಯಿ ಕದ್ದು ಸಿಕ್ಕಿಬಿದ್ದವಳಂತೆ ಕಾಣುತ್ತೀಯೆ.) "ಇದ್ಯಲ್ಲ ಸರ್, ಮತ್ತೇನು? ಗುದ್ದೋರೇ ಇಲ್ದಿದ್ರೆ ನಮ್ಮ ಆಫೀಸಿಗೆ ಬೀಗ ಹಾಕ್ಬೇಕಾಗುತ್ತೆ" ಎಂದು ಹೊರಟರು. ನಿನ್ನ ಅತ್ತೆ ಆ ಸಂಜೆಯೆಲ್ಲ ನನ್ನೊಡನೆ ಮಾತು ಬಿಟ್ಟಿದ್ದಳು. ನನಗೋ ಆ ಸರ್ವೇಯರರ ಮಾತು ತಲೆಯಿಂದ ಇಳಿಯಲೊಲ್ಲದು. ಎಷ್ಟು ಮಂದಿ ಕುಳಿತು, ಎಷ್ಟು ಲೆಕ್ಕ ಹಾಕಿ, ಜನ ಎಡವಿಯೇ ಎಡವುತ್ತಾರೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಅದು. ನಡೆಯುವವರು ಎಡವದೆ ಕುಳಿತವರು ಎಡವುವರೇ ಎಂಬ ನಮ್ಮ ಹಿರಿಯರ ಗಾದೆಗೆ ಮೇಜು, ಕುರ್ಚಿ, ಮೊಹರು ಕೊಟ್ಟರೆ ಅದೇ ವಿಮೆ.

ಕ್ಲೇಮು ಮಂಜೂರಾಯಿತು. ಗ್ಯಾರೇಜಿನವರೇ ಬಂದು ಕಾರನ್ನು ಒಯ್ದರು. ದಿನ ಬಿಟ್ಟು ದಿನ ನಾನು ಅಲ್ಲಿಗೆ ಹೋಗಿ ಒಂದು ಸ್ಟೂಲಿನ ಮೇಲೆ ಕೂತು ನೋಡಿದೆ. ತಗ್ಗನ್ನು ಒಳಗಿನಿಂದ ಮೆಲ್ಲಗೆ ಬಡಿದು ಮೇಲೆತ್ತಿದರು, ಉಳಿದ ಗುಳಿಗಳನ್ನು ತುಂಬಲು ಲಪ್ಪ ಮೆತ್ತಿದರು, ಉಪ್ಪುಕಾಗದದಿಂದ ಉಜ್ಜಿದರು. ನಡುವೆ ಒಂದು ದಿನ ಆ ಬಾಗಿಲುಗಳನ್ನು ನೀನು ನೋಡಿದ್ದರೆ ಅತ್ತೇಬಿಡುತ್ತಿದ್ದೆ. ನೀನು ಗುದ್ದಿದಾಗ ಇದ್ದುದಕ್ಕಿಂತ ಹತ್ತು ಪಾಲು ವಿಕಾರ, ಎಲ್ಲಿ ನೋಡಿದರೂ ಬೂದಿ, ಕೆಂಪು, ಬಿಳಿಯ ತೇಪೆ. ಗಾಬರಿಯಾಗಿ ಕೇಳಿದ್ದಕ್ಕೆ ಪೇಂಟರ್ "ಸರಿಯಾಗ್ತಿರೋದು ಹಿಂಗೇ ಇರುತ್ತೆ ಸರ್, ಮನೆಗೆ ಹೋಗಿ ಟೀ ಕುಡೀರಿ" ಎಂದರು. ಆತ ದಪ್ಪ ಮೀಸೆಯ, ದೊಡ್ಡ ದನಿಯ, ಎಲ್ಲರನ್ನೂ ಗದರುವ ಮನುಷ್ಯ. ಬಣ್ಣ ಚಿಮ್ಮಿಸುವ ಪಿಸ್ತೂಲು ಕೈಗೆ ಬಂದರೆ ಮಾತ್ರ ಉಸಿರನ್ನೂ ಅಳೆದು ಬಿಡುತ್ತಾರೆ.

ಅವರಿಂದ ತಿಳಿದದ್ದೊಂದು ನಿನಗೆ ಖಂಡಿತ ಹಿಡಿಸುತ್ತದೆ. ನಮ್ಮ ಕಾರಿನ ನೀಲಿಗೆ ಕಂಪನಿಯವರು ಕೊಟ್ಟ ಸಂಖ್ಯೆಯಿದೆ. ಆ ಸಂಖ್ಯೆಯಂತೆ ಬೆರೆಸಿದರೆ ಬರುವುದು ಕಾರು ಹುಟ್ಟಿದ ದಿನದ ನೀಲಿ, ಇವತ್ತಿನ ನೀಲಿಯಲ್ಲ. ಇಷ್ಟು ವರ್ಷದ ಬಿಸಿಲು ಅದನ್ನು ಬೇರೆಯೇ ಬಣ್ಣ ಮಾಡಿದೆ. ಆದ್ದರಿಂದ ಅವರು ಅಂಗೈಯಗಲದ ತಗಡುಗಳಿಗೆ ಬೇರೆಬೇರೆ ಬೆರಕೆಯ ನೀಲಿಗಳನ್ನು ಹೊಡೆದು, ಒಣಗಿಸಿ, ಬೆಳಗಿನ ಬಿಸಿಲಿನಲ್ಲಿ ಕಾರಿನ ಮೈಗೆ ಹಿಡಿದು ನೋಡುತ್ತಾರೆ. ಕೊನೆಗೂ ಬಾಗಿಲಿನ ಅಂಚಿಗೆ ಬಣ್ಣ ನಿಲ್ಲಿಸುವುದಿಲ್ಲ. ಪೆಟ್ಟೇ ಬೀಳದ ಪಕ್ಕದ ಭಾಗದ ಮೇಲೂ ತೆಳ್ಳಗೆ, ಇನ್ನೂ ತೆಳ್ಳಗೆ ಹಾಯಿಸಿಬಿಡುತ್ತಾರೆ. ಹೊಸದು ಎಲ್ಲಿ ಮುಗಿದು ಹಳೆಯದು ಎಲ್ಲಿ ಶುರುವಾಯಿತೆಂದು ಕಣ್ಣಿಗೆ ಸಿಕ್ಕಬಾರದಂತೆ. ನಾನು ಮೂಗು ತೂರಿಸಿ, ತಗಡು ಆರಿಸುವ ಕೆಲಸ ನನಗೆ ಕೊಡಿ ಎಂದೆ. ಮೂರರಲ್ಲಿ ಒಂದನ್ನು ಬಹಳ ಧೈರ್ಯವಾಗಿ ಎತ್ತಿದೆ. ಜೊತೆಗೆ ಬಂದಿದ್ದ ನಿನ್ನ ಅತ್ತೆ "ಅದಾ? ಅದು ನವಿಲುಗರಿ ಬಣ್ಣ ಕಣ್ರೀ" ಎಂದಳು. ಪೇಂಟರ್ ತಗಡುಗಳನ್ನು ಕಲಸಿ ಮತ್ತೆ ಮುಂದಿಟ್ಟರು. ನಾನು ಈ ಸಲ ಎತ್ತಿದ್ದು ಬೇರೆಯದಂತೆ, ಅದೂ ತಪ್ಪಂತೆ. ನನಗೆ ಮೂರೂ ಒಂದೇ ನೀಲಿಯಾಗಿ, ಸ್ವಲ್ಪ ಹೊಗೆ ಹಿಡಿದಂತೆ ಕಂಡವು. ಪೇಂಟರ್ ಗದರಲಿಲ್ಲ. "ಬಣ್ಣ ಅಮ್ಮಾವ್ರು ನೋಡ್ಲಿ ಸರ್" ಎಂದು ಮಾತ್ರ ಹೇಳಿ ತಗಡುಗಳನ್ನು ಅವಳ ಕೈಗೆ ಕೊಟ್ಟರು. ಕಾರು ಈಗ ಹೊತ್ತಿರುವ ನೀಲಿ ನಿನ್ನ ಅತ್ತೆ ಆರಿಸಿದ್ದು, ಹಾಗಾಗಿ ಅದು ಸರಿಯಾಗಿಯೇ ಇದೆ ಎಂದು ನೀನು ನಂಬಬಹುದು.

ಇಷ್ಟು ಬರೆಯುವಷ್ಟರಲ್ಲಿ ಕೈ ಸೋತಿತು. ನಿನ್ನ ಕೆಲಸದ ತೀರ್ಮಾನ ನಿನ್ನದೇ. ನೀನು ಏನನ್ನೇ ಆರಿಸಿದರೂ ಅದು ಹೆದರಿಕೆಯ ಆಯ್ಕೆಯಾಗದೆ ಆಸೆಯ ಆಯ್ಕೆಯಾಗಲಿ ಎಂಬುದಷ್ಟೇ ನನ್ನ ಕೋರಿಕೆ. ನಿನ್ನ ಮೇಲಧಿಕಾರಿಗೆ ನನ್ನ ನಮಸ್ಕಾರ ತಿಳಿಸು. ಬೆಕ್ಕಿಗೂ ತಿಳಿಸು. ನಿನ್ನ ಅತ್ತೆ ಕೆಮ್ಮಿಗೆ ಕಷಾಯದ ಪುಡಿ ಕಟ್ಟಿಡುತ್ತಿದ್ದಾಳೆ. ಹೋದಲ್ಲೆಲ್ಲ ನಿನ್ನ ದಾರಿ ನಿನಗೆ ಹಸನಾಗಿರಲಿ, ನೀನು ಮುಟ್ಟಿದ ನೀರು ತಿಳಿಯಾಗಿರಲಿ.

ಇಂತು, ನಿನ್ನ ಪಕ್ಕದ ಸೀಟಿನ
ಮಾವ

ಮ.ಸೂ.: ಲಕೋಟೆ ಅಂಟಿಸುವ ಮುನ್ನ ನಿನ್ನ ಅತ್ತೆ ಓದಿ, ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ ಎಂದು ಪೆನ್ನನ್ನು ಮತ್ತೆ ಕೈಗಿತ್ತಳು. ತಗಡಿನ ಪ್ರಸಂಗದ ಮಾರನೆಯ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿದ್ದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ದೊಡ್ಡ ವಿಷಯವಲ್ಲ, ಇದೇ ತಿಂಗಳ ಕೊನೆಯ ವಾರ ಒಂದು ಕಣ್ಣಿಗೆ ಆಪರೇಷನ್ ಇಟ್ಟುಕೊಂಡಿದ್ದಾರೆ. ಅಲ್ಲಿಯವರೆಗೆ ನಾನು ಕಾರು ಓಡಿಸಕೂಡದು ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಕಾರು ಸಿದ್ಧವಾಗಿ ಗ್ಯಾರೇಜಿನಲ್ಲಿ ನಿಂತಿದೆ. ಅಲ್ಲಿಯವರು ತಾವೇ ತಂದುಬಿಡುತ್ತೇವೆ ಎಂದರು, ಬೇಡ, ನಮ್ಮಲ್ಲಿ ಓಡಿಸುವವರಿದ್ದಾರೆ, ಬರುತ್ತಾರೆ ಎಂದು ಹೇಳಿಬಿಟ್ಟಿದ್ದೇನೆ. ನೀನಿಟ್ಟ ಕೀಲಿ ಚಪ್ಪಲಿ ಗೂಡಿನ ಮೇಲೆ ಇಟ್ಟಲ್ಲೇ ಇದೆ. ಕೆರೆದ ಕಂಬಕ್ಕೆ ನಿನ್ನ ಅತ್ತೆ ಇನ್ನೂ ಬಣ್ಣ ಬಳಿದಿಲ್ಲ, ನಾನೇ ತಡೆದಿದ್ದೇನೆ. ಶನಿವಾರದ ಬೆಳಗಿನ ಬಸ್ಸಿಗೆ ಬಾ. ಗೇಟು ತಿರುಗುವಾಗ ನಾನು ಎಂದಿನಂತೆ ಪಕ್ಕದಲ್ಲೇ ಕೂತಿರುತ್ತೇನೆ. ಆದರೆ ಈ ಸಲ ಕಂಬ ಎಷ್ಟು ದೂರದಲ್ಲಿದೆ ಎಂದು ನೀನು ನನಗೆ ಹೇಳಬೇಕು.